ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯಾಗಿ ನಿಲ್ಲುವುದು: ಇತಿಹಾಸದ ಪಾತ್ರಧಾರಿ ಆಗಬೇಕು ಅನ್ನುವವರಿಗೆ

ಆರು ವರ್ಷದಿಂದ ಪ್ರವಾಸದ ದಿನಗಳಲ್ಲಿ ನಾನು ಶಾಲಾ ಮಕ್ಕಳ ಮುಂದೆ ಅತ್ತಿಮಬ್ಬೆಯಾಗಿ ನಿಲ್ಲುತ್ತಿದ್ದೇನೆ. ಸಾವಿರ ವರ್ಷದ ಹಿಂದೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದವಳು, ಕವಿ ರನ್ನನಿಗೆ ಆಶ್ರಯ ಕೊಟ್ಟವಳು ಈ ಅತ್ತಿಮಬ್ಬೆ. ಸಾದಾ ಹತ್ತಿ ಸೀರೆ, ಕೈಯಲ್ಲಿ ಒಂದು ತಾಳೆಗರಿ ಕಟ್ಟು, ಎದುರಿಗೆ ಮೂವತ್ತು ನಲವತ್ತು ಮಕ್ಕಳು. ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹಿಸ್ಟಾರಿಕಲ್ ಇಂಟರ್‌ಪ್ರಿಟರ್ ಅಂತ ಹೆಸರಿದೆ. ನಾವು ಇತಿಹಾಸದ ಪಾತ್ರಧಾರಿ ಅಂದುಕೊಳ್ಳೋಣ. "ನಾನೂ ಮಾಡಬೇಕು ಅಂತಿದೀನಿ, ಹೇಗೆ ಶುರು ಮಾಡಲಿ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆಲ್ಲ ಒಂದೇ ಕಡೆ ಹೇಳಿಬಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇದು ನಾಟಕ ಅಲ್ಲ. ನಾಟಕದಲ್ಲಿ ಮುಂದಿನ ಮಾತು ಯಾವುದು ಅಂತ ನಟರಿಗೆ ಗೊತ್ತಿರುತ್ತದೆ. ಇಲ್ಲಿ ಮುಂದಿನ ಮಾತು ಮಕ್ಕಳ ಬಾಯಲ್ಲಿ ಇರುತ್ತದೆ. ನೀವು ಹತ್ತು ನಿಮಿಷ ಚೆಂದಾಗಿ ಮಾತಾಡಬಹುದು, ಆದರೆ ಆಮೇಲೆ ಬರುವ ಪ್ರಶ್ನೆಗೆ ನಿಜವಾದ ಉತ್ತರ ಕೊಡಲು ಆಗದಿದ್ದರೆ ಆ ಹತ್ತು ನಿಮಿಷಕ್ಕೆ ಬೆಲೆ ಇಲ್ಲ. ಹಾಗಾಗಿ ತಯಾರಿ ಎಲ್ಲ ಪ್ರಶ್ನೆಗಳಿಗಾಗಿ.

ನಮ್ಮ ಕಡೆಗೆ ಇದು ಹೊಸದೇನೂ ಅಲ್ಲ. ಹಗಲುವೇಷದವರನ್ನು ನೆನಪು ಮಾಡಿಕೊಳ್ಳಿ. ನಾನು ಸಣ್ಣವಳಿದ್ದಾಗ ಮನೆ ಬಾಗಿಲಿಗೇ ರಾಮ ಬರುತ್ತಿದ್ದ, ಹನುಮಂತ ಬರುತ್ತಿದ್ದ, ಅವ್ವ ಮೊರದಲ್ಲಿ ಜೋಳ ತಂದು ಹಾಕುತ್ತಿದ್ದಳು. ರಂಗಮಂಚ ಇಲ್ಲ, ಪರದೆ ಇಲ್ಲ. ಕೈ ಚಾಚಿದರೆ ಮುಟ್ಟಬಹುದು, ಮಾತಾಡಿಸಬಹುದು. ಸ್ವೀಡನ್ನಿನಲ್ಲಿ 1891ರಲ್ಲಿ ಸ್ಕಾನ್ಸೆನ್ ಅಂತ ಬಯಲು ಮ್ಯೂಸಿಯಂ ತೆರೆದರು, ಅಮೆರಿಕದ ವಿಲಿಯಮ್ಸ್‌ಬರ್ಗಿನಲ್ಲಿ 18ನೇ ಶತಮಾನದ ಊರನ್ನೇ ಮತ್ತೆ ಎಬ್ಬಿಸಿ ಅಲ್ಲಿ ಪಾತ್ರಧಾರಿಗಳನ್ನು ಇಟ್ಟಿದ್ದಾರೆ. ಅವರಿಂದ ಕಲಿಯುವುದು ಬಹಳ ಇದೆ. ಆದರೆ ಅಷ್ಟು ಹತ್ತಿರ ನಿಂತು ಜನರನ್ನು ಹಿಡಿದಿಡುವ ವಿದ್ಯೆ ನಮ್ಮ ಹಗಲುವೇಷದವರ ಹತ್ತಿರವೂ ಇದೆ. ನಿಮ್ಮ ಊರಿಗೆ ಈಗಲೂ ಅವರು ಬರುತ್ತಿದ್ದರೆ ಕೂತು ನೋಡಿ. ಮಗು ಹೆದರಿದರೆ ಏನು ಮಾಡುತ್ತಾರೆ, ನಾಯಿ ಬೊಗಳಿದರೆ ಪಾತ್ರ ಬಿಡದೆ ಹೇಗೆ ನಿಲ್ಲುತ್ತಾರೆ, ಅದನ್ನು ಗಮನಿಸಿ.

ಯಾರಾಗಬೇಕು?

ನೀವು ಬಸ್ಸು ಹತ್ತಿ ಒಂದು ಗಂಟೆಯಲ್ಲಿ ಹೋಗಿ ಬರಬಹುದಾದ ಜಾಗದ ವ್ಯಕ್ತಿಯನ್ನು ಆರಿಸಿ. ಆ ಜಾಗಕ್ಕೆ ಇಪ್ಪತ್ತು ಸಲ ಹೋಗಬೇಕಾಗುತ್ತದೆ. ನಾನು ಗದಗಿನವಳು, ಲಕ್ಕುಂಡಿ 12 ಕಿಲೋಮೀಟರ್ ದೂರ, ಹಾಗಾಗಿ ಅತ್ತಿಮಬ್ಬೆ. ನಮ್ಮ ಮೂರು ಜಿಲ್ಲೆಗಳಲ್ಲಿ, ಅಂದರೆ 1997ರವರೆಗೆ ಒಂದೇ ಧಾರವಾಡ ಜಿಲ್ಲೆಯಾಗಿದ್ದ ಈ ನೆಲದಲ್ಲಿ, ವ್ಯಕ್ತಿಗಳಿಗೇನು ಕಡಿಮೆ? ಗದಗಿನಲ್ಲಿ ಕುಮಾರವ್ಯಾಸ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ. ಹಾವೇರಿ ಕಡೆ ಕನಕದಾಸರು, ಶಿಶುನಾಳ ಶರೀಫರು, ಮೈಲಾರ ಮಹಾದೇವಪ್ಪ. ಧಾರವಾಡದಲ್ಲಿ ಸಾಧನಕೇರಿಯ ಬೇಂದ್ರೆಯವರು.

ಆದರೆ ಇವರೆಲ್ಲರ ಪಾತ್ರವನ್ನೂ ಒಂದೇ ರೀತಿ ಮಾಡಲು ಬರುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

"ನಾನು" ಅಂತ ಮಾತಾಡಬೇಕೋ, "ಅವರು" ಅಂತ ಮಾತಾಡಬೇಕೋ?

ಎರಡು ದಾರಿ ಇವೆ. ಒಂದು, ನೀವೇ ಆ ವ್ಯಕ್ತಿಯಾಗಿ "ನಾನು ಬರೆಸಿದೆ, ನಾನು ಕಟ್ಟಿಸಿದೆ" ಅಂತ ಹೇಳುವುದು. ಇನ್ನೊಂದು, ಆ ಕಾಲದ ಉಡುಪು ಹಾಕಿಕೊಂಡು, ಆದರೆ ಇವತ್ತಿನ ಮನುಷ್ಯರಾಗಿಯೇ "ಅವರು ಹೀಗೆ ಮಾಡಿದರು" ಅಂತ ವಿವರಿಸುವುದು. ಹೊಸಬರೆಲ್ಲ ಮೊದಲನೆಯದಕ್ಕೇ ಕೈ ಹಾಕುತ್ತಾರೆ, ಏಕೆಂದರೆ ಅದು ಕೇಳಲು ರೋಚಕ. ಕಷ್ಟವೂ ಅದೇ.

ಯಾಕೆ ಅಂದರೆ, "ನಾನು" ಅಂದ ಕೂಡಲೇ ಐತಿಹ್ಯ ಸಾಕ್ಷಿ ಆಗಿಬಿಡುತ್ತದೆ. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ವೀರನಾರಾಯಣ ಗುಡಿಯ ಕಂಬದ ಹತ್ತಿರ ಕೂತು, ಬಟ್ಟೆ ಆರುವವರೆಗೆ ಬರೆಯುತ್ತಿದ್ದ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಆ ಕಂಬವನ್ನೂ ತೋರಿಸುತ್ತಾರೆ. ಎಷ್ಟು ಚೆಂದದ ಕಥೆ! ಆದರೆ ನೀವು ಕುಮಾರವ್ಯಾಸನಾಗಿ ನಿಂತು "ಹೌದು, ನಾನು ಒದ್ದೆ ಬಟ್ಟೆಯಲ್ಲೇ ಬರೆಯುತ್ತಿದ್ದೆ" ಅಂದರೆ ಮಗುವಿನ ತಲೆಯಲ್ಲಿ ಅದು ಕಥೆಯಾಗಿ ಉಳಿಯುವುದಿಲ್ಲ, ನಡೆದ ಸಂಗತಿ ಆಗುತ್ತದೆ. ಕುಮಾರವ್ಯಾಸ ತನ್ನ ಬಗ್ಗೆ ತಾನೇ "ಜನ ಹಾಗೆ ಹೇಳುತ್ತಾರಪ್ಪ" ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಇಂಥ ಕಡೆ ನಾನು ಹೇಳುವುದು ಮೂರನೇ ದಾರಿ: ಪಕ್ಕದಲ್ಲಿ ನಿಂತ ಸಾಮಾನ್ಯ ಮನುಷ್ಯನಾಗಿ. ಗುಡಿಯ ಕಸ ಹೊಡೆಯುವವನಾಗಿ, ಹೂವು ತರುವವಳಾಗಿ. ಅವರ ಬಾಯಲ್ಲಿ "ಊರಲ್ಲಿ ಹಿಂಗಂತಾರ" ಅನ್ನುವ ಮಾತು ಸಹಜವಾಗಿ ಬರುತ್ತದೆ. ಕಾರ್ಯಕ್ರಮದ ಕೊನೆಗೆ "ಈ ಹೂವಿನವಳು ನಾನು ಕಲ್ಪಿಸಿಕೊಂಡ ಪಾತ್ರ" ಅಂತ ತಪ್ಪದೆ ಹೇಳಿಬಿಡಿ.

ಕನಕದಾಸರು ಮತ್ತು ಶರೀಫರ ವಿಷಯದಲ್ಲಂತೂ ಇದೇ ದಾರಿ ಹಿಡಿಯಿರಿ. ಅವರನ್ನು ನಂಬಿ ನಡೆಯುವ ಲಕ್ಷಾಂತರ ಜನ ಇದ್ದಾರೆ. ಶಿಶುನಾಳದ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ಬಂದು ಕೈ ಮುಗಿಯುತ್ತಾರೆ. ಅಂಥವರ ಜಾಗದಲ್ಲಿ ನಿಂತು ನಾನೇ ಅವರು ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಶರೀಫರು ಸ್ವಲ್ಪ ಕಾಲ ಶಾಲಾ ಮಾಸ್ತರರೂ ಆಗಿದ್ದರು. ಅವರ ಹತ್ತಿರ ಓದಿದ ಒಬ್ಬ ಹುಡುಗ ಮುದುಕನಾದ ಮೇಲೆ ನೆನಪು ಹೇಳುತ್ತಿದ್ದಾನೆ ಅಂದುಕೊಳ್ಳಿ. ಎಷ್ಟು ವಿಷಯ ಹೇಳಬಹುದು ನೋಡಿ.

ಮೈಲಾರ ಮಹಾದೇವಪ್ಪನವರಂಥ ಹತ್ತಿರದ ಕಾಲದವರಾದರೆ ಇನ್ನೊಂದು ಜವಾಬ್ದಾರಿ ಇದೆ. ಮೋಟೆಬೆನ್ನೂರಿನ ಹುಡುಗ, 18ರ ವಯಸ್ಸಿನಲ್ಲಿ 1930ರ ದಂಡಿ ನಡಿಗೆಯಲ್ಲಿ ಗಾಂಧೀಜಿ ತಂಡದ ಜೊತೆ ಹೆಜ್ಜೆ ಹಾಕಿದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಹುತಾತ್ಮರಾದರು. ಈ ಇಬ್ಬರ ಹೆಸರು ಬಿಟ್ಟು ಕಥೆ ಹೇಳಬೇಡಿ. ಪತ್ನಿ ಸಿದ್ದಮ್ಮನವರೂ ಜೈಲಿಗೆ ಹೋದವರು, ಅವರನ್ನೂ ಬಿಡಬೇಡಿ. ಇಂಥ ಪಾತ್ರ ಮಾಡುವ ಮೊದಲು ಆ ಊರಿಗೆ ಹೋಗಿ, ಹಿರಿಯರನ್ನು ಕಂಡು, ಹೀಗೆ ಮಾಡಬೇಕು ಅಂತಿದ್ದೇವೆ ಅಂತ ಹೇಳಿ ಬನ್ನಿ. ಸುಮ್ನೆ ವೇಷ ಹಾಕಿ ನಿಲ್ಲಬೇಡಿ.

ಮೂರು ಬಣ್ಣದ ನೋಟ್‌ಬುಕ್

ನನ್ನ ಇಡೀ ಕೆಲಸ ನಿಂತಿರುವುದು ಒಂದು 200 ಪುಟದ ನೋಟ್‌ಬುಕ್ ಮೇಲೆ. ಕೆಂಪು ಪೆನ್ನಿನಲ್ಲಿ ಬರೆಯುವುದು ಶಾಸನದಲ್ಲಿ, ಆ ಕಾಲದ ಕಾವ್ಯದಲ್ಲಿ, ದಾಖಲೆಯಲ್ಲಿ ಇರುವುದನ್ನು. ನೀಲಿ ಪೆನ್ನು ಜನ ಹೇಳಿಕೊಂಡು ಬಂದ ಕಥೆಗೆ. ಪೆನ್ಸಿಲ್ ನನ್ನ ಊಹೆಗೆ.

ಉದಾಹರಣೆಗೆ ಕೆಂಪಿನಲ್ಲಿ ಇರುವುದು: ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ಅತ್ತಿಮಬ್ಬೆ ಇಲ್ಲಿ ಬಸದಿ ಕಟ್ಟಿಸಿದಳು, ಅದರ ಶಾಸನ 1007ರದು. ರನ್ನನಿಗೆ ಆಶ್ರಯ ಕೊಟ್ಟಳು, ಅವನು 993ರಲ್ಲಿ ಅಜಿತಪುರಾಣ ಬರೆದ. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ನೀಲಿಯಲ್ಲಿ ಇರುವುದು: ಅವಳಿಗಾಗಿ ಗೋದಾವರಿಯ ಪ್ರವಾಹ ತಗ್ಗಿತು ಅನ್ನುವಂಥ ಪವಾಡಗಳು. ಪೆನ್ಸಿಲ್‌ನಲ್ಲಿ ಇರುವುದು: ಬಳೆಗಾರರ ಮನೆತನದ ಹುಡುಗ ರನ್ನ ಮುಧೋಳದಿಂದ ಮೊದಲ ಸಲ ಎದುರಿಗೆ ಬಂದು ನಿಂತಾಗ ಅವಳಿಗೆ ಏನನ್ನಿಸಿರಬಹುದು.

ಪೆನ್ಸಿಲ್ ಬೇಡ ಅಂತಲ್ಲ. ಅದಿಲ್ಲದೆ ಪಾತ್ರಕ್ಕೆ ಉಸಿರೇ ಇರುವುದಿಲ್ಲ. ಆದರೆ ಯಾವುದು ಯಾವ ಬಣ್ಣ ಅಂತ ನಿಮಗೆ ನಿದ್ದೆಯಲ್ಲೂ ಗೊತ್ತಿರಬೇಕು.

ಎಲ್ಲಿ ಹುಡುಕಬೇಕು? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ, ಇವೆರಡರಿಂದ ಶುರು ಮಾಡಿ. ನಮ್ಮ ಭಾಗದ ಶಾಸನಗಳು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11ನೇ ಸಂಪುಟದಲ್ಲಿ ಸಿಗುತ್ತವೆ. 19ನೇ ಶತಮಾನದ ಪಾತ್ರ ಮಾಡುವವರು 1884ರ ಬಾಂಬೆ ಗೆಜೆಟಿಯರ್‌ನ ಧಾರವಾಡ ಸಂಪುಟವನ್ನು ಬಿಡಲೇಬಾರದು. ಜನ ಏನು ಉಣ್ಣುತ್ತಿದ್ದರು, ಏನು ಉಡುತ್ತಿದ್ದರು, ಯಾವ ಸಂತೆಯಲ್ಲಿ ಏನು ಮಾರುತ್ತಿತ್ತು ಅಂತೆಲ್ಲ ಅದರಲ್ಲಿದೆ. ಬರೆದವರು ಆಳುವ ಬ್ರಿಟಿಷರು ಅನ್ನುವುದನ್ನು ಮರೆಯದೆ ಓದಿ, ಅಷ್ಟೇ. ಹಳಗನ್ನಡ ಓದಲು ಬಾರದಿದ್ದರೆ ಕಾಲೇಜಿನ ಕನ್ನಡ ಮೇಷ್ಟ್ರನ್ನು ಕೇಳಿ. ನಾನು ಒಬ್ಬರ ಮನೆಗೆ ಆರು ತಿಂಗಳು ಭಾನುವಾರ ಬೆಳಿಗ್ಗೆ ಹೋಗಿ ಕೂತಿದ್ದೇನೆ. ಒಂದು ದಿನವೂ ಅವರು ಬೇಸರ ಮಾಡಿಕೊಳ್ಳಲಿಲ್ಲ.

ಮೆಣಸಿನಕಾಯಿಯ ಪ್ರಶ್ನೆ

ಇದು ನನ್ನ ಎರಡನೇ ವರ್ಷದಲ್ಲಿ ಆದದ್ದು. ಬ್ಯಾಡಗಿ ಕಡೆಯ ಒಂದು ಶಾಲೆಯ ಮಕ್ಕಳು ಬಂದಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಆರನೇ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: "ಅವ್ವಾರ, ನಿಮ್ಮ ಮನ್ಯಾಗ ರೊಟ್ಟಿ ಜೋಡಿ ಕೆಂಪ ಚಟ್ನಿ ಮಾಡ್ತಿದ್ರೇನ್ರಿ?"

ನಾನು ನಕ್ಕು, "ಮಾಡ್ತಿದ್ವಿ ಮಗಾ, ದಿನಾ ಬೇಕು" ಅಂದೆ. ಮಕ್ಕಳೆಲ್ಲ ಖುಷಿಪಟ್ಟರು. ಬಸ್ಸು ಹೋಯಿತು.

ರಾತ್ರಿ ನೋಟ್‌ಬುಕ್ ತೆಗೆದಾಗ ಎದೆ ಧಸಕ್ ಅಂದಿತು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು 1498ರಲ್ಲಿ ಸಮುದ್ರದ ದಾರಿಯಿಂದ ನಮ್ಮ ಕರಾವಳಿಗೆ ಬಂದ ಮೇಲೆಯೇ ಅದು ಇಲ್ಲಿಗೆ ಬಂದದ್ದು. ಅತ್ತಿಮಬ್ಬೆ ಅದಕ್ಕಿಂತ ಐನೂರು ವರ್ಷ ಹಿಂದಿನವಳು. ಅವಳ ಅಡುಗೆಮನೆಯಲ್ಲಿ ಖಾರ ಅಂದರೆ ಕರಿಮೆಣಸು. ನಮ್ಮ ಭಾಷೆಯೇ ಇದನ್ನು ಹೇಳುತ್ತಿದೆ, ಮೆಣಸು ಅನ್ನುವ ಹಳೆಯ ಹೆಸರಿಗೆ ಕಾಯಿ ಸೇರಿಸಿ ಹೊಸ ಬೆಳೆಗೆ ಹೆಸರಿಟ್ಟಿದ್ದೇವೆ. ದಿನಾ ಬಾಯಲ್ಲಿ ಆಡುವ ಪದ, ನನಗೆ ಹೊಳೆದಿರಲೇ ಇಲ್ಲ.

ಮರುದಿನ ಬೆಳಿಗ್ಗೆಯೇ ಆ ಶಾಲೆಯ ಟೀಚರಿಗೆ ಫೋನ್ ಮಾಡಿ ತಪ್ಪು ಹೇಳಿದ್ದೇನೆ ಅಂತ ಒಪ್ಪಿಕೊಂಡೆ. ಸರಿಯಾದ ವಿಷಯವನ್ನು ಒಂದು ಪತ್ರದಲ್ಲಿ ಬರೆದು, ಆ ಹುಡುಗಿಯ ಪ್ರಶ್ನೆ ಎಷ್ಟು ಒಳ್ಳೆಯದು ಅಂತಲೂ ಸೇರಿಸಿ ಕಳಿಸಿದೆ. ಟೀಚರ್ ಅದನ್ನು ತರಗತಿಯಲ್ಲಿ ಓದಿದರಂತೆ. ಅಂದಿನಿಂದ ನನ್ನ ನಿಯಮ ಇದು: ಹೇಳಿದ್ದು ತಪ್ಪು ಅಂತ ಗೊತ್ತಾದರೆ ಎರಡು ದಿನದ ಒಳಗೆ ಆ ಶಾಲೆಗೆ ತಿಳಿಸಬೇಕು.

ನೀವು ಯಾವ ಕಾಲದ ಪಾತ್ರ ಮಾಡಿದರೂ, ಆ ವ್ಯಕ್ತಿಗೆ ಏನೇನು ಗೊತ್ತಿರಲಿಲ್ಲ ಅಂತ ಒಂದು ಪಟ್ಟಿ ಮಾಡಿಕೊಳ್ಳಿ. ಗೊತ್ತಿದ್ದದ್ದರ ಪಟ್ಟಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅತ್ತಿಮಬ್ಬೆಗೆ ಶೇಂಗಾ ಗೊತ್ತಿಲ್ಲ, ಬಟಾಟಿ ಗೊತ್ತಿಲ್ಲ, ಟೊಮೆಟೊ, ಗೋವಿನಜೋಳ, ತಂಬಾಕು ಯಾವುದೂ ಗೊತ್ತಿಲ್ಲ. ಚಹಾ ಕುಡಿದಿಲ್ಲ. ಅಚ್ಚಾದ ಪುಸ್ತಕ ನೋಡಿಲ್ಲ. ಜೋಳ ಗೊತ್ತು. "ಜೋಳದ ಪಾಳಿ" ಅನ್ನುವ ಮಾತು ಹಳಗನ್ನಡದಲ್ಲೇ ಇದೆ, ಅನ್ನ ಕೊಟ್ಟ ಒಡೆಯನಿಗೆ ತೀರಿಸಬೇಕಾದ ಋಣ ಅಂತ. ಈಗ ಮಕ್ಕಳು ಊಟದ ಬಗ್ಗೆ ಕೇಳಿದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾರಾದರೂ ಮೆಣಸಿನಕಾಯಿ ಅಂದರೆ "ಅದೇನು? ಮೆಣಸು ಬಳ್ಳಿಯಲ್ಲಿ ಬಿಡುವ ಕಾಳಲ್ಲವೇ? ಕೆಂಪಗೆ, ಉದ್ದಕ್ಕೆ ಇರುತ್ತದೆಯೇ?" ಅಂತ ನಾನೇ ತಿರುಗಿ ಕೇಳುತ್ತೇನೆ. ಮಕ್ಕಳೇ ಆಗ ಅತ್ತಿಮಬ್ಬೆಗೆ ವಿವರಿಸುತ್ತಾರೆ. ಆ ಐದು ನಿಮಿಷಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ಹೋಗುತ್ತೇನೆ.

ಮಾತು, ಉಡುಪು, ಕೈಯಲ್ಲಿರುವ ವಸ್ತು

ಅತ್ತಿಮಬ್ಬೆ ಆಡಿದ ಕನ್ನಡ ಇವತ್ತಿನ ಮಕ್ಕಳಿಗೆ ಅರ್ಥ ಆಗುವುದಿಲ್ಲ. ಹಾಗಂತ ಸಿನಿಮಾ ರಾಜರ ಹಾಗೆ "ಎಲೈ ಬಾಲಕರಿರಾ" ಅಂತ ಶುರು ಮಾಡಬೇಡಿ, ಅದು ಯಾವ ಕಾಲದ ಕನ್ನಡವೂ ಅಲ್ಲ. ನಾನು ಹಳಗನ್ನಡದ ಎರಡು ಸಾಲು ನಿಧಾನವಾಗಿ ಓದುತ್ತೇನೆ, ಸಾವಿರ ವರ್ಷದ ಹಿಂದಿನ ಸದ್ದು ಒಮ್ಮೆ ಕಿವಿಗೆ ಬೀಳಲಿ ಅಂತ. ಆಮೇಲೆ ಸರಳವಾದ ಕನ್ನಡ. ಬಸ್ಸು, ಟೈಮು, ಸೂಪರ್ ಅಂತ ಇಂಗ್ಲಿಷ್ ಪದ ಬಾರದ ಹಾಗೆ ಮಾತ್ರ ನೋಡಿಕೊಳ್ಳುತ್ತೇನೆ. ಇದಕ್ಕೆ ಒಂದು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿ, ತಪ್ಪಿದಾಗ ಹಿಡಿಯಲು ಮನೆಯವರಿಗೆ ಹೇಳಿ.

ಉಡುಪಿಗೆ ನಾಟಕದ ಬಾಡಿಗೆ ಅಂಗಡಿಗೆ ಹೋದರೆ ಮಕಮಲ್ಲು, ಜರಿ, ಬಂಗಾರದ ಬಣ್ಣದ ಕಿರೀಟ ಸಿಗುತ್ತವೆ. ದೂರದ ವೇದಿಕೆಗೆ ಅವು ಸರಿ. ಎರಡು ಅಡಿ ದೂರದಿಂದ ನೋಡುವ ಮಕ್ಕಳಿಗೆ ಸರಿ ಅಲ್ಲ. ಕೈಮಗ್ಗದ ದಪ್ಪ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಸ್ವಾತಂತ್ರ್ಯ ಹೋರಾಟಗಾರರ ಪಾತ್ರಕ್ಕೆ ಖಾದಿ ಬೇಕೇ ಬೇಕು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘವೇ ಇರುವಾಗ ಟೆರಿಕಾಟ್ ಧೋತರ ಉಡುವುದು ತರವಲ್ಲ. ಗಡಿಯಾರ, ಕನ್ನಡಕ, ನೇಲ್ ಪಾಲಿಶ್ ತೆಗೆದಿಡಿ. ಕನ್ನಡಕ ಇಲ್ಲದೆ ಕಾಣದಿದ್ದರೆ ಹಾಕಿಕೊಳ್ಳಿ, "ಇದು ನನ್ನ ಇವತ್ತಿನ ಕಣ್ಣಿಗೆ" ಅಂತ ಮೊದಲೇ ಹೇಳಿ ಮುಂದೆ ಹೋಗಿ.

ಕೈಯಲ್ಲಿ ಒಂದು ವಸ್ತು ಇರಲಿ. ನನ್ನದು ತಾಳೆಗರಿ ಕಟ್ಟು. ಹಳೆಯದಲ್ಲ, ನಾನೇ ಗರಿ ಒಣಗಿಸಿ ಮಾಡಿದ್ದು. ಹಳೆಯ ಓಲೆಗಳನ್ನು ಮಕ್ಕಳ ಕೈಗೆ ಕೊಡುವ ಕೆಲಸ ಎಂದೂ ಮಾಡಬೇಡಿ. ಕಬ್ಬಿಣದ ಕಂಟದಿಂದ, ಅಂದರೆ ಬರೆಯುವ ಚೂಪು ಕಡ್ಡಿಯಿಂದ, ಗರಿಯ ಮೇಲೆ ಗೀರಿ, ಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ಮಕ್ಕಳ ಮುಂದೆ ಇದನ್ನು ಒಂದು ಸಲ ಮಾಡಿ ತೋರಿಸಿ. ಆಮೇಲೆ ಅವರ ನೋಟ್‌ಬುಕ್ಕಿನಲ್ಲೇ ಒಂದು ಪದ್ಯ ಒಂದೂ ತಪ್ಪಿಲ್ಲದೆ ನಕಲು ಮಾಡಲು ಹೇಳಿ. ಹತ್ತು ನಿಮಿಷ ಆಗುತ್ತದೆ, ಕೈ ನೋವು ಅನ್ನುತ್ತಾರೆ. ಆಗ ಹೇಳಿ: ಇಂಥ ಪದ್ಯಗಳ ಇಡೀ ಪುಸ್ತಕ, ಗರಿಯ ಮೇಲೆ, ಸಾವಿರ ಸಲ. ಯಾರಿಗೂ ಮತ್ತೆ ಬಿಡಿಸಿ ಹೇಳಬೇಕಾಗುವುದಿಲ್ಲ.

ಪಾತ್ರದಿಂದ ಹೊರಗೆ ಬರುವುದು

ಆ ಕಟ್ಟಿಗೆ ಇನ್ನೊಂದು ಕೆಲಸವೂ ಇದೆ. ಕೈಯಲ್ಲಿ ಇರುವವರೆಗೆ ನಾನು ಅತ್ತಿಮಬ್ಬೆ, ಕೆಳಗಿಟ್ಟರೆ ನಾನು ನಾನೇ. ಶುರುವಿನಲ್ಲೇ ಇದನ್ನು ಮಕ್ಕಳಿಗೆ ಹೇಳಿರುತ್ತೇನೆ.

ಇದು ಯಾಕೆ ಬೇಕು ಅಂದರೆ, ಕೆಲವು ಪ್ರಶ್ನೆಗಳಿಗೆ ಪಾತ್ರದ ಬಾಯಿಂದ ಉತ್ತರ ಕೊಡಬಾರದು. ಅತ್ತಿಮಬ್ಬೆಯ ಗಂಡ ನಾಗದೇವ ತೀರಿಕೊಂಡಾಗ ಅವಳ ತಂಗಿ, ಅವನ ಇನ್ನೊಬ್ಬ ಹೆಂಡತಿ ಗುಂಡಮಬ್ಬೆ ಸಹಗಮನ ಮಾಡಿದಳು, ಅಂದರೆ ಗಂಡನ ಚಿತೆ ಏರಿದಳು. ಅತ್ತಿಮಬ್ಬೆ ಉಳಿದಳು, ಮಗನನ್ನು ಬೆಳೆಸಿದಳು. ಮಕ್ಕಳು ಕೇಳುತ್ತಾರೆ, ತಂಗಿ ಯಾಕೆ ಹಾಗೆ ಮಾಡಿದಳು, ಅದು ಒಳ್ಳೆಯದಾ ಅಂತ. ಆ ಕಾಲದವಳಾಗಿ ಉತ್ತರಿಸಿದರೆ ನಾನು ಅದನ್ನು ಹೊಗಳಬೇಕಾದೀತು. ಹಾಗಾಗಿ ಕಟ್ಟನ್ನು ಕೆಳಗಿಡುತ್ತೇನೆ. ಆ ಕಾಲದ ಜನ ಅದನ್ನು ದೊಡ್ಡ ಗುಣ ಅಂತ ನಂಬಿದ್ದರು, ಅದು ತಪ್ಪು, 1829ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸುವ ಕಾನೂನು ತಂದಿತು ಅಂತ ನನ್ನದೇ ಧ್ವನಿಯಲ್ಲಿ ನೇರವಾಗಿ ಹೇಳುತ್ತೇನೆ. ನರಗುಂದದ ಕಥೆ ಹೇಳುವವರಿಗೂ ಇದು ಬೇಕಾಗುತ್ತದೆ, ಅಲ್ಲಿ ಮ್ಯಾನ್ಸನ್ ಎಂಬ ಅಧಿಕಾರಿಯ ತಲೆ ಕಡಿದ ಘಟನೆ ಇದೆ. ಸಣ್ಣ ಮಕ್ಕಳ ಮುಂದೆ ಅದನ್ನು ಎಷ್ಟು ಹೇಳಬೇಕು ಅಂತ ಟೀಚರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಉತ್ತರ ಗೊತ್ತಿಲ್ಲದಿದ್ದರೂ ಕಟ್ಟು ಕೆಳಗಿಟ್ಟು "ನನಗೆ ಗೊತ್ತಿಲ್ಲ, ಹುಡುಕಿ ತಿಳಿಸುತ್ತೇನೆ" ಅನ್ನಿ, ಪ್ರಶ್ನೆಯನ್ನು ಅವರ ಎದುರಿಗೇ ಬರೆದುಕೊಳ್ಳಿ.

ಅನುಮತಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಕ್ಕುಂಡಿಯ ಬ್ರಹ್ಮ ಜಿನಾಲಯ, ಕಾಶಿವಿಶ್ವನಾಥ ಗುಡಿಯಂಥ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿವೆ. 1959ರ ನಿಯಮಗಳ ಪ್ರಕಾರ ಇಂಥ ಸ್ಮಾರಕದಲ್ಲಿ ಸಭೆ, ಮನರಂಜನೆ ಏನೇ ಮಾಡಬೇಕಾದರೂ ಲಿಖಿತ ಅನುಮತಿ ಬೇಕು. ಇಲಾಖೆಯ ಧಾರವಾಡ ವೃತ್ತದ ಕಚೇರಿಯಿಂದ ಶುರು ಮಾಡಿ, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಎಷ್ಟು ಜನ, ಯಾವ ಹೊತ್ತು, ಮೈಕ್ ಇಲ್ಲ, ಬೆಂಕಿ ದೀಪ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಪೂಜೆ ನಡೆಯುವ ಗುಡಿ, ಬಸದಿ, ದರ್ಗಾ ಆದರೆ ಅಲ್ಲಿಯ ಹಿರಿಯರ ಒಪ್ಪಿಗೆಯೂ ಬೇಕು.

ಅನುಮತಿ ಸಿಗುವವರೆಗೆ ಸುಮ್ನೆ ಕೂರಬೇಕಿಲ್ಲ. ನನ್ನ ಮೊದಲ ವರ್ಷ ಪೂರ್ತಿ ನಾನು ಶಾಲೆಗಳ ಅಂಗಳದಲ್ಲೇ ಮಾಡಿದ್ದು. ಪ್ರವಾಸದ ಹಿಂದಿನ ದಿನ ಶಾಲೆಗೆ ಹೋಗಿ ಅತ್ತಿಮಬ್ಬೆಯಾಗಿ ಮಾತಾಡಿ, "ನಾಳೆ ನನ್ನ ಊರಿಗೆ ಬನ್ನಿ" ಅಂತ ಕರೆದು ಬರುತ್ತಿದ್ದೆ. ಇದಕ್ಕೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು. ಹೊಸಬರು ಹೀಗೇ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ದಿನದ ಲೆಕ್ಕ, ದುಡ್ಡಿನ ಲೆಕ್ಕ

ಒಂದು ಗುಂಪಿಗೆ 40 ಮಕ್ಕಳಿಗಿಂತ ಜಾಸ್ತಿ ಬೇಡ. 90 ಜನ ಬಂದರೆ ಮೂರು ಗುಂಪು ಮಾಡಿ. ಹನ್ನೆರಡು ನಿಮಿಷ ಮಾತು, ಹತ್ತು ನಿಮಿಷ ನಕಲು ಮಾಡುವ ಕೆಲಸ, ಉಳಿದದ್ದೆಲ್ಲ ಪ್ರಶ್ನೆ. ಬೆಳಿಗ್ಗೆ ಹನ್ನೊಂದರ ಒಳಗೆ ಮುಗಿಸಿ, ಆಮೇಲೆ ಕಲ್ಲು ಕಾಯುತ್ತದೆ, ಮಕ್ಕಳು ಬರಿಗಾಲಲ್ಲಿ ಇರುತ್ತಾರೆ. ದಿನಕ್ಕೆ ಮೂರು ಗುಂಪಾದರೆ ಗಂಟಲು ದಣಿಯುತ್ತದೆ. ದನಿ ಪಳಗಿಸಲು ಒಂದಾದರೂ ರಂಗ ಶಿಬಿರಕ್ಕೆ ಹೋಗಿ ಬನ್ನಿ, ಧಾರವಾಡದಲ್ಲಿ ರಂಗಾಯಣವೇ ಇದೆ.

ಇದೊಂದರಿಂದಲೇ ಮನೆ ನಡೆಯುವುದಿಲ್ಲ, ಅದನ್ನು ತಿಳಿದೇ ಬನ್ನಿ. ನಾನು ವಾರವಿಡೀ ಟ್ಯೂಷನ್ ಹೇಳುತ್ತೇನೆ. ಆದರೆ ಪುಕ್ಕಟೆಯಾಗಿಯೂ ಮಾಡಬೇಡಿ, ನೀವು ಪುಕ್ಕಟೆ ಮಾಡಿದರೆ ನಿಮ್ಮ ಹಿಂದೆ ಬರುವ ಕಲಾವಿದರಿಗೂ ಯಾರೂ ಕೊಡುವುದಿಲ್ಲ. ತಲೆಗೆ ಇಷ್ಟು ಅಂತ ಅಲ್ಲ, ಗುಂಪಿಗೆ ಇಷ್ಟು ಅಂತ ಹೇಳಿ. ಇಲ್ಲದಿದ್ದರೆ ಬಡ ಮಕ್ಕಳನ್ನು ಬಸ್ಸಿನಲ್ಲೇ ಕೂರಿಸಿ ಬರುತ್ತಾರೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಿನ, ಹೊತ್ತು, ಹಣ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ಪ್ರವಾಸದ ಬಸ್ಸುಗಳು ಹೊರಡುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಎಲ್ಲಿಗೆ ಹೋಗಬೇಕು ಅಂತ ಶಾಲೆಯವರು ಅದಕ್ಕಿಂತ ಬಹಳ ಮೊದಲೇ ಗೊತ್ತು ಮಾಡಿರುತ್ತಾರೆ. ದಸರಾ ರಜೆ ಮುಗಿದು ಶಾಲೆ ಬಾಗಿಲು ತೆರೆದ ವಾರವೇ ನೋಟ್‌ಬುಕ್ ಹಿಡಿದು ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿ.